ಕಂಡ ಮಾತು, ಕೇಳಿದ ಮಾತು

(ಭಾನುವಾರದ ಪೂಜೆಯ ನಂತರ ನಡೆದ ಕಾರ್ಮಿಕರ ಕೂಟದಲ್ಲಿ ಉಪದೇಶಿಯವರು ಮಾಡಿದ ಭಾಷಣ)



ಈ ಸಲ ಬೋನಸ್ಸಿನ ವಿಷಯ ಬರುತ್ತದೆ ಎಂದು ಹಲವರು ಎಣಿಸಿ ಬಂದಿದ್ದೀರಿ. ಅದು ಇನ್ನೊಂದು ದಿನಕ್ಕಿರಲಿ. ಇವತ್ತು ಕೊಲೆಯ ವಿಷಯ ಮಾತನಾಡಬೇಕಾಗಿದೆ. ಪೂಜೆ ಮುಗಿಸಿ ಬಂದ ಬಾಯಲ್ಲಿ ಇದೆಂಥ ಮಾತು ಎಂದು ಅಜ್ಜಿಯಂದಿರು ಮುಖ ಸಿಂಡರಿಸಬೇಡಿ. ಎಲೆ ತೂಗುವ ಕಡೆ, ನಲ್ಲಿಯ ಹತ್ತಿರ, ಚಹದಂಗಡಿಯ ಬೆಂಚಿನ ಮೇಲೆ, ಈಗಂತೂ ಕೈಯಲ್ಲಿರುವ ಫೋನಿನಲ್ಲಿ ನಾವೆಲ್ಲರೂ ಆಡುತ್ತಿರುವುದು ಇದೇ ಮಾತು. ಎಲ್ಲಿಯೋ ಒಂದು ಕೊಲೆ ಆಯಿತೆಂದರೆ ಸಾಯಂಕಾಲದೊಳಗೆ ನಮ್ಮ ಲೈನಿನಲ್ಲಿ ನಾಲ್ಕು ಮಂದಿ ಇನ್‌ಸ್ಪೆಕ್ಟರುಗಳು, ಇಬ್ಬರು ಡಾಕ್ಟರುಗಳು, ಒಬ್ಬ ಜಡ್ಜಿ ಹುಟ್ಟಿಕೊಳ್ಳುತ್ತಾರೆ. ರಾತ್ರಿ ಗಂಜಿ ಕುಡಿಯುವ ಹೊತ್ತಿಗೆ ತೀರ್ಪೂ ಆಗಿರುತ್ತದೆ.

ಮಾತನಾಡುವುದೇ ತಪ್ಪೆಂದು ನಾವು ಹೇಳಲು ಬಂದಿಲ್ಲ. ಪಕ್ಕದಲ್ಲಿ ಒಂದು ಜೀವ ಹೋದಾಗ ಮಾತನಾಡದೆ ಇರುವವನು ಮನುಷ್ಯನಲ್ಲ. ಆದರೆ ಕಂಡ ಮಾತು ಬೇರೆ, ಕೇಳಿದ ಮಾತು ಬೇರೆ. ಇವೆರಡನ್ನು ಕಲಸಿ ಒಂದೇ ಪಾತ್ರೆಗೆ ಹಾಕಿದರೆ ಯಾರಿಗೆ ನಷ್ಟ ಎಂಬುದನ್ನು ನಾಲ್ಕು ಮೊಕದ್ದಮೆಗಳನ್ನು ಇಟ್ಟುಕೊಂಡು ನೋಡೋಣ.

ಮೊದಲು ನಮ್ಮ ನೀಲಗಿರಿಯದೇ ಸಂಗತಿ. 2017ರ ಏಪ್ರಿಲ್ 23ರ ರಾತ್ರಿ ಕಳೆದು 24 ಬೆಳಗಾಗುವ ಮೊದಲು ಕೋತಗಿರಿ ಕಡೆಯ ಕೋಡನಾಡು ಟೀ ಎಸ್ಟೇಟಿನ ಬಂಗಲೆಗೆ ಒಂದು ಗುಂಪು ನುಗ್ಗಿತು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರು ಬಂದು ಇರುತ್ತಿದ್ದ ಬಂಗಲೆ ಅದು. ಅವರು ತೀರಿಕೊಂಡು ಆಗ ಐದು ತಿಂಗಳೂ ಆಗಿರಲಿಲ್ಲ. ಕಾವಲಿಗಿದ್ದ ಒಬ್ಬನ ಕೊಲೆಯಾಯಿತು, ಇನ್ನೊಬ್ಬನಿಗೆ ಗಾಯವಾಯಿತು. ಕೆಲವೇ ದಿನಗಳಲ್ಲಿ ಆರೋಪಿಗಳಲ್ಲಿ ಒಬ್ಬ ಸೇಲಂ ಜಿಲ್ಲೆಯಲ್ಲಿ ರಸ್ತೆ ಅಪಘಾತದಲ್ಲಿ ಸತ್ತ. ಇನ್ನೊಬ್ಬ ಆರೋಪಿಯ ಕಾರು ಕೇರಳದಲ್ಲಿ ಅಪಘಾತಕ್ಕೆ ಸಿಕ್ಕಿ ಅವನ ಹೆಂಡತಿ, ಮಗು ತೀರಿಕೊಂಡರು. ಜುಲೈ ತಿಂಗಳಲ್ಲಿ ಎಸ್ಟೇಟಿನ ಕಂಪ್ಯೂಟರ್ ಕೆಲಸದ ಹುಡುಗನೂ ಸತ್ತ. ಇಷ್ಟು ಸಾಕಲ್ಲ ನಮ್ಮ ಬಾಯಿಗೆ? ಕರೆಂಟು ಯಾಕೆ ಇರಲಿಲ್ಲ, ಕ್ಯಾಮೆರಾ ಏನಾಯಿತು, ಬೀರುವಿನಲ್ಲಿ ಯಾವ ಕಾಗದ ಇತ್ತು, ಯಾವ ದೊಡ್ಡವರ ಕೈ ಇತ್ತು ಎಂದು ವರ್ಷಗಟ್ಟಲೆ ಮಾತು ನಡೆಯಿತು. ಇದರಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇದ್ದವು. 2021ರಲ್ಲಿ ಮತ್ತೆ ತನಿಖೆ ತೆರೆದರು, 2022ರಲ್ಲಿ ಸಿ.ಬಿ.ಸಿ.ಐ.ಡಿ.ಗೆ ಒಪ್ಪಿಸಿದರು. ಯಾರು ಮಾಡಿಸಿದರು ಎಂಬುದನ್ನು ಕೋರ್ಟು ಹೇಳಲಿ, ನಾವು ಹೇಳುವುದಿಲ್ಲ.

ನಮಗೆ ಚುಚ್ಚುವುದು ಬೇರೆ. ಸತ್ತವನು ಯಾರು? ನೇಪಾಳದಿಂದ ಹೊಟ್ಟೆಪಾಡಿಗೆ ಬಂದು ನಮ್ಮ ಬೆಟ್ಟದ ಚಳಿಯಲ್ಲಿ ರಾತ್ರಿ ಕಾವಲು ನಿಂತಿದ್ದ ಒಬ್ಬ ಕೂಲಿ. ಬಂಗಲೆಯ ಕಾಗದದ ಬಗ್ಗೆ ನೂರು ಕಥೆ ಕೇಳಿದೆವು. ಅವನ ಮನೆಯವರಿಗೆ ಯಾರು ತಿಳಿಸಿದರು, ಬಾಕಿ ಸಂಬಳ ಏನಾಯಿತು, ಕೆಲಸದಲ್ಲಿ ಸತ್ತವನಿಗೆ 1923ರ ಕಾಯಿದೆಯಿಂದ ಹಿಡಿದು ಕಾನೂನಿನಲ್ಲಿರುವ ಪರಿಹಾರ ಏನಾಯಿತು ಎಂದು ಕೇಳಿದ ಒಂದು ಬಾಯಿ ನಮ್ಮ ಕಿವಿಗೆ ಬೀಳಲಿಲ್ಲ. ಎಸ್ಟೇಟಿನಲ್ಲಿ ಹುಟ್ಟಿ ಎಸ್ಟೇಟಿನಲ್ಲಿ ಬೆಳೆದ ನಾವೇ ಕೇಳದಿದ್ದರೆ ಬೇರೆ ಯಾರು ಕೇಳುತ್ತಾರೆ?

ಇನ್ನು ಕೊಟ್ಟಾಯಂ ಕಡೆಗೆ ಹೋಗೋಣ. ಈ ಮೊಕದ್ದಮೆಯ ಹೆಸರು ಎತ್ತಿದರೆ ನಮ್ಮ ಜನರಲ್ಲಿ ಕೆಲವರಿಗೆ ಇರಿಸುಮುರಿಸು ಆಗುತ್ತದೆಂದು ಗೊತ್ತು. ಆದರೂ ಎತ್ತುತ್ತೇವೆ, ಏಕೆಂದರೆ ಕೊಲೆಯ ತನಿಖೆ ಎಲ್ಲೆಲ್ಲಿ ಹಾಳಾಗಬಹುದೋ ಅಲ್ಲೆಲ್ಲ ಹಾಳಾದ ಮೊಕದ್ದಮೆ ಇದು. ಸಿಸ್ಟರ್ ಅಭಯಾ ಕಾಲೇಜಿನಲ್ಲಿ ಪ್ರಿ-ಡಿಗ್ರಿ ಓದುತ್ತಿದ್ದ ಎಳೆಯ ಕನ್ಯಾಸ್ತ್ರೀ. 1992ರ ಮಾರ್ಚ್ 27ರ ನಸುಕಿನಲ್ಲಿ, ಪರೀಕ್ಷೆಗೆ ಓದಲು ನಾಲ್ಕು ಗಂಟೆಯ ಸುಮಾರಿಗೆ ಎದ್ದವಳು, ನೀರು ತರಲು ಅಡುಗೆಮನೆಗೆ ಹೋದಳು. ಬೆಳಿಗ್ಗೆ ಅವಳ ಶವ ಸಂತ ಹತ್ತನೆಯ ಪಿಯೂಸರ ಕಾನ್ವೆಂಟಿನ ಬಾವಿಯಲ್ಲಿತ್ತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದಿತ್ತು, ನೀರಿನ ಬಾಟಲಿ ಬಿದ್ದಿತ್ತು, ಚಪ್ಪಲಿ ಒಂದು ಕಡೆ, ತಲೆಯ ಮುಸುಕು ಇನ್ನೊಂದು ಕಡೆ.

ತಾಯಂದಿರೇ, ನೀವೇ ಹೇಳಿ. ಬಾವಿಗೆ ಬೀಳಲು ಹೊರಟವಳು ನೀರಿನ ಬಾಟಲಿ ತೆಗೆಯುತ್ತಾಳೆಯೇ? ಆ ಅಡುಗೆಮನೆ ಒಂದು ಸಾಕ್ಷಿಯಂತೆ ಬಾಯಿ ತೆರೆದು ನಿಂತಿತ್ತು. ಆದರೆ ಸ್ಥಳೀಯ ಪೊಲೀಸರು ಹದಿನೇಳು ದಿನ ನೋಡಿದರು, ಆಮೇಲೆ ಕ್ರೈಂ ಬ್ರಾಂಚಿನವರು ಒಂಬತ್ತು ತಿಂಗಳಿಗೂ ಮೇಲೆ ನೋಡಿದರು, 1993ರ ಜನವರಿಯಲ್ಲಿ ಇದು ಆತ್ಮಹತ್ಯೆ ಎಂದು ಬರೆದರು. ಹಾಗೆ ಬರೆದ ಮೇಲೆ ಅವಳ ಬಟ್ಟೆಬರೆ ಮೊದಲಾದ ವಸ್ತುಗಳನ್ನು ಇಟ್ಟುಕೊಂಡು ಏನು ಪ್ರಯೋಜನ ಎಂಬಂತೆ ಅವು ನಾಶವಾದವು. ಶವದ ಚಿತ್ರ ತೆಗೆದ ಫೋಟೋಗ್ರಾಫರು, ಕುತ್ತಿಗೆಯ ಎರಡೂ ಬದಿಯಲ್ಲಿ ಉಗುರಿನ ಗುರುತು ಕಂಡಿದ್ದೆ ಎಂದು ಎಷ್ಟೋ ವರ್ಷಗಳ ಮೇಲೆ ಕೋರ್ಟಿನಲ್ಲಿ ಹೇಳಿದರು. ಕಣ್ಣು ಕಂಡಿತ್ತು, ಕಾಗದದಲ್ಲಿ ಬರಲಿಲ್ಲ.

1993ರ ಮಾರ್ಚಿನಲ್ಲಿ ಸಿ.ಬಿ.ಐ. ಬಂತು. ಅದರ ಅಧಿಕಾರಿಯೊಬ್ಬರು, ಇದನ್ನು ಆತ್ಮಹತ್ಯೆ ಎಂದು ಮುಗಿಸಲು ತನ್ನ ಮೇಲೆ ಒತ್ತಡ ಇತ್ತು ಎಂದು ಬಹಿರಂಗವಾಗಿ ಹೇಳಿ, ಅವಧಿಗೆ ಮೊದಲೇ ಕೆಲಸ ಬಿಟ್ಟರು. 1996ರಲ್ಲಿ ಒಂದು, 1999ರಲ್ಲಿ ಒಂದು, 2005ರಲ್ಲಿ ಒಂದು, ಹೀಗೆ ಮೂರು ಸಲ ಸಿ.ಬಿ.ಐ. ಮೊಕದ್ದಮೆ ಮುಚ್ಚಲು ವರದಿ ಕೊಟ್ಟಿತು. ಮೂರು ಸಲವೂ ಕೋರ್ಟು ಒಪ್ಪದೆ ಹಿಂದಕ್ಕೆ ಕಳಿಸಿತು. 2008ರ ನವೆಂಬರಿನಲ್ಲಿ ಇಬ್ಬರು ಪಾದ್ರಿಗಳನ್ನೂ ಒಬ್ಬ ಕನ್ಯಾಸ್ತ್ರೀಯನ್ನೂ ಬಂಧಿಸಿದರು. ಅವರಲ್ಲಿ ಒಬ್ಬರನ್ನು 2018ರಲ್ಲಿ ಕೋರ್ಟು ಮೊಕದ್ದಮೆಯಿಂದ ಬಿಟ್ಟಿತು. ಉಳಿದ ಇಬ್ಬರ ವಿಚಾರಣೆ 2019ರಲ್ಲಿ ಶುರುವಾಗಿ, 2020ರ ಡಿಸೆಂಬರ್ 22ರಂದು ತಿರುವನಂತಪುರದ ಸಿ.ಬಿ.ಐ. ವಿಶೇಷ ಕೋರ್ಟು ಅವರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು. 2022ರ ಜೂನಿನಲ್ಲಿ ಕೇರಳ ಹೈಕೋರ್ಟು, ಮೇಲ್ಮನವಿ ತೀರುವವರೆಗೆ ಎಂದು, ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಮಗಳ ಸಾವಿಗೆ ನ್ಯಾಯ ಕೇಳುತ್ತಾ ಇಪ್ಪತ್ತನಾಲ್ಕು ವರ್ಷ ಕಾದ ತಂದೆ, ತಾಯಿ ಇಬ್ಬರೂ 2016ರಲ್ಲಿ ಕೆಲವು ತಿಂಗಳ ಅಂತರದಲ್ಲಿ ತೀರಿಹೋದರು. ಮೊದಲ ತೀರ್ಪನ್ನೂ ಅವರು ಕೇಳಲಿಲ್ಲ.

ಈ ಇಪ್ಪತ್ತೆಂಟು ವರ್ಷ ಜನ ಏನು ಮಾಡಿದರು? ಒಂದು ಗುಂಪು, ಇದು ನಮ್ಮ ಸಭೆಯ ಮೇಲೆ ಹೊರಗಿನವರ ಪಿತೂರಿ, ಬಾಯಿ ಮುಚ್ಚಿ ಜಪಮಾಲೆ ಹೇಳಿ ಎಂದಿತು. ಇನ್ನೊಂದು ಗುಂಪು, ಮಠದೊಳಗೆ ಏನೇನು ನಡೆಯುತ್ತದೆ ಗೊತ್ತೇ ಎಂದು ಕಣ್ಣು ಮಿಟುಕಿಸಿತು. ಮೊದಲ ಗುಂಪಿನವರು ತಾವು ಊಹೆ ಮಾಡುತ್ತಿಲ್ಲ, ಮರ್ಯಾದೆ ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದರು. ಆದರೆ ಆತ್ಮಹತ್ಯೆ ಎಂಬುದೂ ಒಂದು ಊಹೆಯೇ ಅಲ್ಲವೇ? ಸತ್ತ ಹುಡುಗಿಯ ತಲೆಯ ಮೇಲೆ ಹೊರಿಸಿದ ಊಹೆ. ಅವಳು ಎದ್ದು ಬಂದು ಇಲ್ಲ ಎನ್ನುವಂತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡು ಗುಂಪುಗಳಲ್ಲಿ ಹೆಚ್ಚು ಕೇಡು ಮಾಡಿದ್ದು ಈ ಮೊದಲನೆಯದು. ಏಕೆಂದರೆ ವಸ್ತುಗಳು ಕೈಯಲ್ಲಿದ್ದ ಆ ಮೊದಲ ತಿಂಗಳುಗಳಲ್ಲಿ ಗೆದ್ದದ್ದು ಆ ಮಾತು.

ಇದರಲ್ಲಿ ಒಬ್ಬ ಕಳ್ಳನಿದ್ದಾನೆ, ಅವನನ್ನು ಮರೆಯಬಾರದು. ಅಂದು ರಾತ್ರಿ ಕಾನ್ವೆಂಟಿನ ಮಾಡಿನ ಮೇಲಿದ್ದ ಸಿಡಿಲು ತಡೆಯುವ ತಾಮ್ರದ ಪಟ್ಟಿ ಕದಿಯಲು ಹತ್ತಿದ್ದವನು ಅವನು. ಅಲ್ಲಿ ಯಾರನ್ನು ಕಂಡೆ ಎಂಬುದನ್ನು ಕೋರ್ಟಿಗೆ ಬಂದು ಹೇಳಿದ. ಅದಕ್ಕೂ ಮೊದಲು, ಕೊಲೆ ಮಾಡಿದವನು ನಾನೇ ಎಂದು ಒಪ್ಪಿಕೊಳ್ಳುವಂತೆ ತನಗೆ ಹೊಡೆದರು, ಹಣ, ಮನೆ ಎಂದು ಆಸೆಯನ್ನೂ ತೋರಿಸಿದರು, ತಾನು ಒಪ್ಪಲಿಲ್ಲ ಎಂದೂ ಹೇಳಿದ. ಕೆಳಗಿನ ಕೋರ್ಟು ಅವನ ಮಾತನ್ನು ನಂಬಿತು. ಜಾಮೀನು ಕೊಡುವಾಗ ಹೈಕೋರ್ಟು ಅದನ್ನು ಅಷ್ಟು ಸುಲಭವಾಗಿ ನಂಬಲಿಲ್ಲ. ಅವನ ಸಾಕ್ಷ್ಯದ ತೂಕ ಎಷ್ಟೆಂದು ಹೇಳಬೇಕಾದವರು ಹೇಳುತ್ತಾರೆ. ನಾವು ಗಮನಿಸಬೇಕಾದದ್ದು ಇಷ್ಟು: ಬಟ್ಟೆ ಉಳಿದಿದ್ದರೆ, ಚಿತ್ರಗಳು ಸರಿಯಾಗಿ ಫೈಲಿಗೆ ಸೇರಿದ್ದರೆ, ಮಹಜರು ಕಂಡದ್ದನ್ನು ಕಂಡಂತೆ ಬರೆದಿದ್ದರೆ, ಇಷ್ಟು ದೊಡ್ಡ ಮೊಕದ್ದಮೆ ಇಪ್ಪತ್ತೆಂಟು ವರ್ಷದ ಮೇಲೆ ಒಬ್ಬ ತಾಮ್ರದ ಕಳ್ಳನ ನೆನಪಿಗೆ ಜೋತುಬೀಳಬೇಕಾಗಿರಲಿಲ್ಲ.

ಮಧ್ಯದಲ್ಲಿ 2007ರಲ್ಲಿ ಆರೋಪ ಇದ್ದವರನ್ನು ಬೆಂಗಳೂರಿಗೆ ಕರೆದೊಯ್ದು ನಾರ್ಕೋ ಪರೀಕ್ಷೆ ಮಾಡಿಸಿದರು. ಔಷಧಿ ಚುಚ್ಚಿ ಅರೆಮಂಪರಿನಲ್ಲಿ ಮಾತನಾಡಿಸುವ ಕ್ರಮ ಅದು. ಅದರ ಸಿ.ಡಿ. ಟಿ.ವಿ.ಯಲ್ಲಿ ಬಂತು, ಮನೆಮನೆಯಲ್ಲಿ ನೋಡಿದರು, ಮೊಕದ್ದಮೆ ಮುಗಿದೇ ಹೋಯಿತು ಎಂದರು. ಆದರೆ 2010ರ ಮೇ 5ರಂದು ಸುಪ್ರೀಂ ಕೋರ್ಟು, ಸೆಲ್ವಿ ಎಂಬುವರಿಗೂ ಕರ್ನಾಟಕ ಸರ್ಕಾರಕ್ಕೂ ನಡೆದ ಮೊಕದ್ದಮೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರ ಮೇಲೂ ಈ ಪರೀಕ್ಷೆ ಮಾಡಬಾರದು ಎಂದು ತೀರ್ಪು ಕೊಟ್ಟಿತು. ಟಿ.ವಿ. ಮುಂದೆ ಕೂತವರಿಗೆ ಅದು ದೊಡ್ಡ ಸಾಕ್ಷಿ, ಕೋರ್ಟಿನ ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ. ಬಂಧನದಲ್ಲಿದ್ದ ಆ ಕನ್ಯಾಸ್ತ್ರೀಯ ಮೇಲೆ ಕನ್ಯತ್ವದ ಪರೀಕ್ಷೆಯನ್ನೂ ಮಾಡಿಸಿದ್ದರು. ಅದು ಸಂವಿಧಾನಕ್ಕೆ ವಿರುದ್ಧ, ಹೆಣ್ಣಿನ ಘನತೆಗೆ ವಿರುದ್ಧ ಎಂದು 2023ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟು ಹೇಳಿತು. ಆರೋಪಿಯೇ ಆಗಿರಲಿ, ಅವಳ ದೇಹ ಊರಿನ ಮಾತಿಗೆ ಉತ್ತರ ಹೇಳುವ ಜಾಗವಲ್ಲ. ಈ ಮಾತು ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಕೇಳಿಸಿಕೊಳ್ಳಲಿ.

ಸಾಕ್ಷಿಯನ್ನು ಹೇಗೆ ವಿಚಾರಿಸಬೇಕೆಂಬುದು ನಮ್ಮ ಜ್ಞಾನೋಪದೇಶದ ಮಕ್ಕಳಿಗೂ ಗೊತ್ತಿದೆ. ದಾನಿಯೇಲನ ಗ್ರಂಥದ ಸುಸನ್ನಳ ಕಥೆ. ಸಿ.ಎಸ್.ಐ. ಸಭೆಯ ನಮ್ಮ ಗೆಳೆಯರ ಬೈಬಲಿನಲ್ಲಿ ಈ ಭಾಗ ಇರುವುದಿಲ್ಲ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇವೆ. ಇಬ್ಬರು ಹಿರಿಯರು ಒಬ್ಬ ಹೆಂಗಸಿನ ಮೇಲೆ ಸುಳ್ಳು ಹೊರಿಸಿದರು. ಊರಿಗೆ ಊರೇ ನಂಬಿತು, ಏಕೆಂದರೆ ಹೇಳಿದವರು ದೊಡ್ಡವರು. ಅವಳನ್ನು ಕೊಲ್ಲಲು ಕರೆದೊಯ್ಯುತ್ತಿದ್ದಾಗ ಹುಡುಗ ದಾನಿಯೇಲ ತಡೆದ. ಅವನು ಮಾಡಿದ್ದು ಪವಾಡವಲ್ಲ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡೆ ಎಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು ಮರ ಹೇಳಿದ. ಅಷ್ಟೇ. ಈಗ ನಮ್ಮ ಲೈನಿನಲ್ಲಿ ಏನಾಗುತ್ತದೆ ನೋಡಿ. ಪೊಲೀಸರು ಬರುವ ಮೊದಲೇ ಕಂಡವರು, ಕಾಣದವರು ಎಲ್ಲರೂ ಒಂದೇ ಕಡೆ ಕೂತು ಮಾತನಾಡಿ ಎಲ್ಲರ ಬಾಯಲ್ಲೂ ಒಂದೇ ಮರ ಬಂದಿರುತ್ತದೆ. ಆಮೇಲೆ ದಾನಿಯೇಲನೇ ಬಂದು ಕೇಳಿದರೂ ಯಾರು ಕಂಡವರು, ಯಾರು ಕೇಳಿದವರು ಎಂದು ಬಿಡಿಸಲಾಗುವುದಿಲ್ಲ.

ಮೂರನೆಯದು ನಮ್ಮ ನೀಲಗಿರಿಯ ಬೆಟ್ಟಕ್ಕೆ ತಾಗಿಕೊಂಡೇ ಇರುವ ಅಟ್ಟಪ್ಪಾಡಿಯದು. 2018ರ ಫೆಬ್ರವರಿ 22ರಂದು ಮಧು ಎಂಬ ಆದಿವಾಸಿ ಯುವಕನನ್ನು ಕಾಡಿನಿಂದ ಹಿಡಿದು ತಂದರು. ಅಂಗಡಿಗಳಲ್ಲಿ ಅಕ್ಕಿ, ಸಾಮಾನು ಕದ್ದವನು ಇವನೇ ಎಂದು ಊರು ಮೊದಲೇ ತೀರ್ಮಾನಿಸಿತ್ತು. ಕೈ ಕಟ್ಟಿದರು, ಹೊಡೆದರು, ಪಕ್ಕದಲ್ಲಿ ನಿಂತು ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಪೊಲೀಸರಿಗೆ ಒಪ್ಪಿಸಿದ ಮೇಲೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಜೀಪಿನಲ್ಲಿಯೇ ಅವನ ಪ್ರಾಣ ಹೋಯಿತು. ಇಲ್ಲಿ ತನಿಖೆ ಮಾಡಿದ್ದು, ತೀರ್ಪು ಹೇಳಿದ್ದು, ಶಿಕ್ಷೆ ಕೊಟ್ಟದ್ದು ಎಲ್ಲ ಊರಿನ ಮಾತೇ.

ಮೊಕದ್ದಮೆ ಕೋರ್ಟಿಗೆ ಬಂದಾಗ ಇಪ್ಪತ್ತನಾಲ್ಕು ಸಾಕ್ಷಿಗಳು ತಿರುಗಿಬಿದ್ದರು. ಅವರಲ್ಲಿ ಒಬ್ಬ ಅರಣ್ಯ ಇಲಾಖೆಯ ತಾತ್ಕಾಲಿಕ ವಾಚರು. ಕೋರ್ಟಿನಲ್ಲಿ ವಿಡಿಯೋ ತೋರಿಸಿದಾಗ ತನಗೆ ಕಣ್ಣು ಕಾಣಿಸುತ್ತಿಲ್ಲ ಎಂದ. ಜಡ್ಜಿಯವರು ಕಣ್ಣಿನ ಪರೀಕ್ಷೆಗೆ ಕಳಿಸಿದರು. ಕಣ್ಣು ಚೆನ್ನಾಗಿಯೇ ಇತ್ತು. ನಗಬೇಡಿ. ತಾತ್ಕಾಲಿಕ ಕೆಲಸದವನು, ಅದೇ ಊರಿನಲ್ಲಿ ಬಾಳಬೇಕಾದವನು, ಅವನ ಕಣ್ಣು ಯಾಕೆ ಮಂಜಾಯಿತು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗುತ್ತದೆ? ಆದರೂ 2023ರ ಏಪ್ರಿಲಿನಲ್ಲಿ ಮಣ್ಣಾರ್ಕಾಡಿನ ವಿಶೇಷ ಕೋರ್ಟು ಹದಿನಾರು ಆರೋಪಿಗಳಲ್ಲಿ ಹದಿನಾಲ್ಕು ಜನರನ್ನು ಅಪರಾಧಿಗಳೆಂದು ಹೇಳಿತು. ಅದರಲ್ಲಿ ಹದಿಮೂರು ಜನರಿಗೆ ಏಳು ವರ್ಷದ ಶಿಕ್ಷೆ. ಹೆಮ್ಮೆಯಿಂದ ತೆಗೆದುಕೊಂಡ ಆ ಫೋನಿನ ಚಿತ್ರಗಳು, ಬಾಯಿ ಮಾತ್ರ ತಿರುಗಿಬಿದ್ದ ಮೊಕದ್ದಮೆಯಲ್ಲಿ ಸಾಕ್ಷಿಯಾಗಿ ನಿಂತವು.

ಈಗ ನಮ್ಮ ಲೈನುಗಳಲ್ಲಿ, ಪಾಡಿಗಳಲ್ಲಿ ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳಿವೆ. ಕೋಳಿ ಕಾಣದಿದ್ದರೂ ಮೊದಲ ನೋಟ ಅವರ ಬಾಗಿಲಿನ ಕಡೆ. ನಮ್ಮ ಅಜ್ಜ ಅಜ್ಜಿಯರು ಮೈಸೂರು ಸೀಮೆಯಿಂದ ಈ ಬೆಟ್ಟ ಹತ್ತಿದಾಗ ಅವರ ಬಾಗಿಲನ್ನೂ ಹೀಗೆಯೇ ನೋಡಿದ್ದರು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನಾಲ್ಕನೆಯದನ್ನು ಹೇಳಲು ಮನಸ್ಸು ಭಾರವಾಗುತ್ತದೆ. 2021ರ ಜೂನ್ 30ರಂದು ಇಡುಕ್ಕಿ ಜಿಲ್ಲೆಯ ಒಂದು ಟೀ ಎಸ್ಟೇಟಿನ ಲೈನು ಮನೆಯಲ್ಲಿ ಆರು ವರ್ಷದ ಒಂದು ಹೆಣ್ಣುಮಗು ಸತ್ತು ಸಿಕ್ಕಿತು. ಅಪ್ಪ ಅಮ್ಮ ನಮ್ಮಂತೆಯೇ ಎಸ್ಟೇಟು ಕೆಲಸದವರು. ಮಗುವಿನ ಹೆಸರು ಹೇಳುವುದಿಲ್ಲ, ಹೇಳಬಾರದೆಂದು ಕಾನೂನಿದೆ. ಫೋನಿನಲ್ಲಿ ಫೋಟೋ ಹಂಚುವವರು ಇದನ್ನು ತಿಳಿದುಕೊಳ್ಳಲಿ. ಮೊದಲು ಆಟವಾಡುವಾಗ ಆದ ಆಕಸ್ಮಿಕ ಎಂದುಕೊಂಡರು. ಶವಪರೀಕ್ಷೆಯಾದ ಮೇಲೆ ಕೊಲೆ ಎಂದಾಯಿತು. ಒಬ್ಬ ಯುವಕನನ್ನು ಹಿಡಿದರು. 2023ರ ಡಿಸೆಂಬರಿನಲ್ಲಿ ಕಟ್ಟಪ್ಪನದ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ತನಿಖಾಧಿಕಾರಿ ಆ ಕೋಣೆಗೆ ಬಂದದ್ದೇ ಮರುದಿನ. ಸಾಕ್ಷ್ಯ ಸಂಗ್ರಹಿಸುವುದರಲ್ಲಿ ಲೋಪವಾಗಿದೆ ಎಂದು ಕೋರ್ಟು ಬರೆಯಿತು. ಯೋಚಿಸಿ ನೋಡಿ. ಆ ಯುವಕ ನಿರಪರಾಧಿಯಾದರೆ ಕೊಂದವನು ಇನ್ನೆಲ್ಲೋ ಇದ್ದಾನೆ. ಅಲ್ಲವೆಂದರೆ ಮೊಕದ್ದಮೆ ಒಂದು ರಾತ್ರಿಯ ಉದಾಸೀನದಲ್ಲಿ ಸೋತಿತು. ಎರಡರಲ್ಲಿ ಯಾವುದೇ ಆದರೂ ಆ ತಾಯಿಗೆ ಉತ್ತರವಿಲ್ಲ.

ಲೈನು ಮನೆ ಎಂದರೆ ಏನೆಂದು ನಮಗೆ ಗೊತ್ತು. ಒಂದೇ ಗೋಡೆ, ಎರಡು ಸಂಸಾರ. ಬಾಗಿಲಲ್ಲಿ ಹತ್ತು ಜನ ನಿಂತರೆ ಒಳಗಿನ ನೆಲ ಕಾಣುವುದಿಲ್ಲ. ಯಾರಾದರೂ ಸತ್ತರೆ ನಮ್ಮ ಪದ್ಧತಿ ಏನು? ಹೆಂಗಸರು ಬಂದು ನೆಲ ಒರೆಸುತ್ತಾರೆ, ಹಾಸಿಗೆ ಮಡಿಸುತ್ತಾರೆ, ಶವವನ್ನು ತೊಳೆದು ಬಿಳಿ ಬಟ್ಟೆ ಉಡಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಸಾವು ಹೇಗಾಯಿತೆಂದು ಗೊತ್ತಿಲ್ಲದಿದ್ದರೆ ಆ ಪ್ರೀತಿಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಬೇಕು. ಜೀವ ಇದೆ ಎನಿಸಿದರೆ ಯಾವುದನ್ನೂ ನೋಡದೆ ಎತ್ತಿಕೊಂಡು ಆಸ್ಪತ್ರೆಗೆ ಓಡಿ, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಉಳಿದವರು ಆ ಕೋಣೆಯ ಬಾಗಿಲು ಎಳೆದು, ಒಬ್ಬ ನಂಬಿಕೆಯ ಮನುಷ್ಯನನ್ನು ಹೊರಗೆ ನಿಲ್ಲಿಸಿ, 112ಕ್ಕೆ ಫೋನು ಮಾಡಲಿ. ಹಗ್ಗ, ಲೋಟ, ಕತ್ತಿ, ಚಪ್ಪಲಿ ಇದ್ದಲ್ಲಿಯೇ ಇರಲಿ. ಶವಪರೀಕ್ಷೆ ಬೇಡ, ಮಣ್ಣು ಮಾಡಿಬಿಡೋಣ ಎಂದು ಬಂಗಲೆಯಿಂದ ಯಾರಾದರೂ ಸಲಹೆ ಕಳಿಸಿದರೆ ಒಪ್ಪಬೇಡಿ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ನೋಡಬೇಕು, ವಿಡಿಯೋ ತೆಗೆಯಬೇಕು ಎಂದು ಅದರಲ್ಲಿದೆ. ಐದು ವರ್ಷದೊಳಗೆ ಜಾರಿಗೆ ತರಲು ರಾಜ್ಯಗಳಿಗೆ ಅವಕಾಶ ಕೊಟ್ಟಿದ್ದಾರೆ. ಯಾವ ಠಾಣೆಯ ಸರಹದ್ದು ಎಂದು ನೋಡದೆ ದೂರು ದಾಖಲಿಸಬೇಕು. ಇದು ಗಡಿಯಲ್ಲಿರುವ ನಮಗೆ ಮುಖ್ಯ. ಗೂಡಲೂರು ಎಂದರೆ ವಯನಾಡು ಅಲ್ಲ, ವಯನಾಡು ಎಂದರೆ ಗುಂಡ್ಲುಪೇಟೆ ಅಲ್ಲ ಎಂದು ಓಡಾಡಿಸುವಂತಿಲ್ಲ. ಎಫ್.ಐ.ಆರ್. ಪ್ರತಿ ದೂರು ಕೊಟ್ಟವರಿಗೆ ಉಚಿತ. ಕೇಳಿ ಪಡೆದು, ರೇಷನ್ ಕಾರ್ಡಿನ ಜೊತೆ ಇಡಿ.

ನಮ್ಮವರು ಹೆಚ್ಚು ಎಡವುವುದು ಸಹಿಯಲ್ಲಿ. ಅಸಹಜ ಸಾವಾದಾಗ ಪೊಲೀಸರು ನೆರೆಯ ಇಬ್ಬರು ಅಥವಾ ಹೆಚ್ಚು ಜನ ಗೌರವಸ್ಥರ ಎದುರಿನಲ್ಲಿ ಶವ ನೋಡಿ ವರದಿ ಬರೆಯಬೇಕು. ಗೌರವಸ್ಥರು ಎಂದರೆ ರೈಟರು, ಮೇಸ್ತ್ರಿ ಎಂದು ಕಾನೂನಿನಲ್ಲಿ ಬರೆದಿಲ್ಲ. ನೀವೂ ಗೌರವಸ್ಥರೇ. ಕರೆದರೆ ಹೋಗಿ, ಕಂಡದ್ದು ಬರೆದಿದ್ದಾರೆಯೇ ಎಂದು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಖಾಲಿ ಕಾಗದಕ್ಕೆ ಬೇಡ. ಇನ್ನೊಂದು ಬಗೆಯದು, ಪೊಲೀಸರು ವಿಚಾರಿಸಿ ಬರೆದುಕೊಳ್ಳುವ ಸಾಕ್ಷಿ ಹೇಳಿಕೆ. ಅದಕ್ಕೆ ಹೇಳಿದವನ ಸಹಿ ತೆಗೆದುಕೊಳ್ಳಬಾರದು ಎಂದೇ ಕಾನೂನು ಇದೆ. ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಗೆ ಮಾತ್ರ ಸಹಿ ಬೇಕು. ಸಾಕ್ಷಿಯಾಗಿ ವಿಚಾರಿಸಲು ಹೆಂಗಸರನ್ನು, ಹದಿನೈದು ವರ್ಷದೊಳಗಿನ ಮಕ್ಕಳನ್ನು, ಅರವತ್ತು ದಾಟಿದವರನ್ನು ಠಾಣೆಗೆ ಬಾ ಎನ್ನುವಂತಿಲ್ಲ. ಅವರ ಮನೆಗೇ ಬರಬೇಕು.

ಬೆಳಿಗ್ಗೆ ಪತ್ರಿಕೆಯಲ್ಲಿ, ಆರೋಪಿ ತಪ್ಪೊಪ್ಪಿಕೊಂಡ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ನಾವು ಅಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬ್ರಿಟಿಷರ ಕಾಲದ 1872ರ ಕಾಯಿದೆಯಲ್ಲೂ ಹಾಗೆ, ಈಗಿನ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೆ. ಅವನು ಹೇಳಿದ ಮೇಲೆ ಒಂದು ವಸ್ತು ಸಿಕ್ಕಿದರೆ, ಆ ವಸ್ತು ಸಿಗಲು ಕಾರಣವಾದ ಮಾತಿಗಷ್ಟೇ ಬೆಲೆ. ಯಾಕೆ ಹೀಗೆ ಇಟ್ಟರು ಎಂಬುದಕ್ಕೆ ಆ ತಾಮ್ರದ ಕಳ್ಳನ ಬೆನ್ನೇ ಉತ್ತರ. ನಮ್ಮ ಹುಡುಗರನ್ನು ಹಿಡಿದುಕೊಂಡು ಹೋದರೆ ಬಂಧನದ ಮೆಮೋ ಬರೆಯಬೇಕು, ಮನೆಯವರದೋ ನೆರೆಯವರದೋ ಸಾಕ್ಷಿ ಸಹಿ ಇರಬೇಕು, ಹತ್ತಿರದವರಿಗೆ ತಿಳಿಸಬೇಕು, ವೈದ್ಯರಿಗೆ ತೋರಿಸಬೇಕು ಎಂದು ಡಿ.ಕೆ. ಬಸು ಮೊ

ಕದ್ದಮೆಯಲ್ಲಿ 1996ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಪ್ರಯಾಣದ ಸಮಯ ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ಹಣವಿಲ್ಲ ಎಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರ ಜೊತೆಗೆ ಕಾರ್ಮಿಕರನ್ನೂ ಸೇರಿಸಿ ಉಚಿತ ವಕೀಲರನ್ನು ಕೊಡಬೇಕೆಂದು ಇದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ.

ಹಾಗಾದರೆ ಪೊಲೀಸರನ್ನು ಪ್ರಶ್ನಿಸುವುದೇ ಬೇಡವೇ ಎಂದು ಯುವಕರು ಕೇಳಬಹುದು. ಬೇಕು. ಅಭಯಾಳ ಮೊಕದ್ದಮೆ ಮುಚ್ಚದೆ ಉಳಿದದ್ದೇ ಊರಿನವರು ಕ್ರಿಯಾಸಮಿತಿ ಕಟ್ಟಿ ಪ್ರಶ್ನೆ ಕೇಳಿದ್ದರಿಂದ. ಆದರೆ ಅವರು ಕೋರ್ಟಿಗೆ ಅರ್ಜಿ ಹಾಕಿ ಕೇಳಿದರು. ಮಹಜರು ಎಲ್ಲಿ, ಬಟ್ಟೆ ಎಲ್ಲಿ, ಅದನ್ನು ಸುಡಲು ಹೇಳಿದವರು ಯಾರು ಎಂದು ಕೇಳುವುದು ಪ್ರಶ್ನೆ. ಅವಳ ನಡತೆ ಹೇಗಿತ್ತಂತೆ ಎಂದು ಕೇಳುವುದು ಪ್ರಶ್ನೆಯಲ್ಲ, ಸತ್ತವಳಿಗೆ ಎರಡನೆಯ ಸಲ ಹೊಡೆಯುವುದು.

ಕಂಡವರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಕಂಡೆ ಎಂದು ಹೇಳಿದರೆ ನಾಳೆ ಕೆಲಸ ಇರುತ್ತದೋ, ಲೈನು ಮನೆ ಇರುತ್ತದೋ ಎಂಬ ಹೆದರಿಕೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆಯನ್ನು ಒಪ್ಪಿ ಎಲ್ಲ ರಾಜ್ಯಗಳೂ ನಡೆಸಬೇಕೆಂದಿತು. ಬೆದರಿಕೆ ಇದ್ದರೆ ಜಿಲ್ಲಾ ಜಡ್ಜಿಯವರು ಇರುವ ಸಮಿತಿಗೆ ಅರ್ಜಿ ಕೊಡಬಹುದು. ಅರ್ಜಿ ಬರೆಯಲು ಯೂನಿಯನ್ನಿನ ಕೋಣೆಯಲ್ಲಿ ನಾವಿದ್ದೇವೆ. ಒಬ್ಬರೇ ಹೋಗಬೇಡಿ, ಇಬ್ಬರು ಜೊತೆಗೆ ಬರುತ್ತೇವೆ. ಪೊಲೀಸರ ಮುಂದೆ ಹೇಳಲು ಭಯವಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳುವ ದಾರಿ ಇದೆ. ಕಂಡ ದಿನವೇ ತಾರೀಖು, ಗಂಟೆ ಹಾಕಿ ಒಂದು ಕಾಗದದಲ್ಲಿ ಬರೆದಿಡಿ. ಬರೆಯಲು ಬಾರದವರು ಮಕ್ಕಳಿಂದ ಬರೆಸಿ, ಆದರೆ ಮಕ್ಕಳು ತಮ್ಮದೊಂದು ಮಾತನ್ನೂ ಸೇರಿಸದಂತೆ ನೋಡಿಕೊಳ್ಳಿ.

ಕೊನೆಯದಾಗಿ ಕೂಲಿಯ ವಿಷಯ. ಸಮನ್ಸು ಬಂದು ಸಾಕ್ಷಿ ಹೇಳಲು ಕೋರ್ಟಿಗೆ ಹೋದ ದಿನ ಚೆಕ್‌ರೋಲಿನಲ್ಲಿ ಗೈರುಹಾಜರಿ ಹಾಕುತ್ತಾರೆ, ಕೂಲಿಯೂ ಹೋಗುತ್ತದೆ, ಬಸ್ಸಿನ ಖರ್ಚೂ ನಮ್ಮದೇ ಎಂದು ಹಲವರು ಹೇಳಿದ್ದೀರಿ. ಸಾಕ್ಷಿಯ ಖರ್ಚನ್ನು ಸರ್ಕಾರದಿಂದ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ, ಅಲ್ಲಿಯೇ ಕೇಳಬೇಕು. ಜೊತೆಗೆ ಕೋರ್ಟಿನ ಗುಮಾಸ್ತರಿಂದ ಹಾಜರಿ ಚೀಟಿಯನ್ನೂ ಕೇಳಿ ತೆಗೆದುಕೊಳ್ಳಿ. ಹೋದ ಎರಡು ವರ್ಷಗಳಲ್ಲಿ ಹೀಗೆ ಕೂಲಿ ಕಳೆದುಕೊಂಡವರು ಸಮನ್ಸಿನ ಪ್ರತಿ, ಹಾಜರಿ ಚೀಟಿ ಇದ್ದರೆ ಅದು, ಆ ತಿಂಗಳ ಸಂಬಳದ ಚೀಟಿ, ಇಷ್ಟನ್ನು ಬುಧವಾರ ಸಂಜೆಯೊಳಗೆ ತಂದುಕೊಡಿ. ಗುರುವಾರ ಮ್ಯಾನೇಜರರ ಮುಂದೆ ಇಡುತ್ತೇವೆ.